ಕೊಡಬಹುದಾದ ಪ್ರಾಣ, ಕೇಳಬಾರದ ಬಲಿ

ಧರ್ಮಕ್ಕಾಗಿ ಪ್ರಾಣ ಕೊಡುವ ಸಿದ್ಧತೆಯನ್ನು ಕ್ರೈಸ್ತ ಪರಂಪರೆ ತನ್ನ ಮಹಾಗುಣಗಳಲ್ಲಿ ಒಂದೆಂದು ಎರಡು ಸಾವಿರ ವರ್ಷಗಳಿಂದ ಎಣಿಸುತ್ತ ಬಂದಿದೆ. ಶ್ರದ್ಧೆಯನ್ನು ಬಿಡಲೊಪ್ಪದೆ ಕೊಲೆಯಾದವರನ್ನು ಕನ್ನಡದ ಕ್ರೈಸ್ತರು ರಕ್ತಸಾಕ್ಷಿಗಳೆಂದು ಕರೆಯುತ್ತಾರೆ, ಅವರ ಹೆಸರಿನಲ್ಲಿ ಚರ್ಚು ಕಟ್ಟುತ್ತಾರೆ, ಹಬ್ಬ ಮಾಡುತ್ತಾರೆ, ಮಕ್ಕಳಿಗೆ ಅವರ ಹೆಸರಿಡುತ್ತಾರೆ. ಆದರೆ ಇದೇ ಪರಂಪರೆ ಆ ಸಿದ್ಧತೆಯನ್ನು ಮೊದಲಿನಿಂದಲೂ ಒಂದು ಅಂಕೆಯಲ್ಲಿಟ್ಟುಕೊಂಡೇ ಗೌರವಿಸಿದೆ ಎಂಬ ಸಂಗತಿ ಹೊರಗಿನವರಿಗೆ ಮಾತ್ರವಲ್ಲ, ಒಳಗಿನ ಅನೇಕರಿಗೂ ಅಷ್ಟಾಗಿ ತಿಳಿದಿಲ್ಲ. ಕೊಡುವವನು ತನ್ನದನ್ನು ಮಾತ್ರ ಕೊಟ್ಟಾಗ ಪ್ರಾಣಾರ್ಪಣೆ ಅರ್ಪಣೆಯಾಗಿ ಉಳಿಯುತ್ತದೆ. ಗುರುವೋ ಸಮುದಾಯವೋ ಮುಂದಿನ ಪೀಳಿಗೆಯ ಅಭಿಮಾನವೋ ಅದನ್ನು ಇನ್ನೊಬ್ಬರಿಂದ ಕೇಳತೊಡಗಿದರೆ ಅದು ಬಲಿಯಾಗುತ್ತದೆ, ಕೇಳಿದವರ ಪಾಲಿಗೆ ಅಪರಾಧವೂ ಆಗುತ್ತದೆ. ಈ ವ್ಯತ್ಯಾಸವನ್ನು ರೋಮಿನ ಕ್ರೀಡಾಂಗಣಗಳ ಕಥೆಗಳಿಗಿಂತ ಸ್ಪಷ್ಟವಾಗಿ ಕನ್ನಡ ನಾಡಿನ ಕ್ರೈಸ್ತ ಇತಿಹಾಸವೇ, ಅದರಲ್ಲೂ 1784ರಿಂದ 1799ರವರೆಗೆ ಕರಾವಳಿಯ ಕಥೋಲಿಕರು ಅನುಭವಿಸಿದ ಶ್ರೀರಂಗಪಟ್ಟಣದ ಸೆರೆವಾಸವೇ ತೋರಿಸಿಕೊಡುತ್ತದೆ.

ತನಗಿಂತ ದೊಡ್ಡದೆಂದು ನಂಬಿದ ಒಂದಕ್ಕಾಗಿ ಸಾಯುವುದು ಕನ್ನಡಿಗರಿಗೆ ಪರಕೀಯವಾದ ಕಲ್ಪನೆಯೇನೂ ಅಲ್ಲ. ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆ ಹೊಯ್ಸಳರು ಆಳಿದ ನೆಲ. ಇಂಥ ಸೀಮೆಯಲ್ಲಿ ಊರ ಹೊರಗೆ, ಕೆರೆಯ ಏರಿಯ ಮೇಲೆ, ದೇವಾಲಯದ ಹಿಂಬದಿಯಲ್ಲಿ ವೀರಗಲ್ಲುಗಳು ಕಾಣಸಿಗುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ತುರುಗಳಿಗಾಗಿಯೋ ಊರಿಗಾಗಿಯೋ ಕಾದುವ ವೀರ, ನಡುವಣ ಪಟ್ಟಿಕೆಯಲ್ಲಿ ಅವನನ್ನು ಎರಡು ಕಡೆ ಹಿಡಿದು ಮೇಲಕ್ಕೊಯ್ಯುವ ಅಪ್ಸರೆಯರು, ಮೇಲಿನ ಪಟ್ಟಿಕೆಯಲ್ಲಿ ಲಿಂಗದ ಮುಂದೆ ಕೈಮುಗಿದು ಕುಳಿತ ಅದೇ ವೀರ ಎಂಬ ಮೂರಂತಸ್ತಿನ ಕೆತ್ತನೆ, ಸಾವು ಒಂದು ಪ್ರಯಾಣವೆಂಬ ನಂಬಿಕೆಯನ್ನು ಓದು ಬಾರದವರಿಗೂ ತಿಳಿಸುತ್ತಿತ್ತು. ಒಡೆಯನ ಅನ್ನ ಉಂಡವನು ಅವನಿಗಾಗಿ ಜೀವ ಕೊಡುವ ನಿಷ್ಠೆಗೆ ಜೋಳವಾಳಿ ಎಂಬ ಹೆಸರಿತ್ತು. ಒಡೆಯನು ಸತ್ತರೆ ತಾನೂ ಸಾಯುವೆನೆಂದು ಭಾಷೆ ಕೊಟ್ಟವನಿಗೆ ಗರುಡನೆಂಬ ಹೆಸರಿತ್ತು, ಎರಡನೆಯ ವೀರಬಲ್ಲಾಳನಿಗಾಗಿ ಹೀಗೆ ಪ್ರಾಣ ಬಿಟ್ಟ ಕುವರ ಲಕ್ಷ್ಮನ ನೆನಪನ್ನು ಹಳೇಬೀಡಿನ ಕಂಬವೊಂದು ಕಾಪಾಡಿಕೊಂಡು ಬಂದಿದೆ. ಕಡೂರಿನ ಶಾಸನವೊಂದು ಇದಕ್ಕಿಂತ ಬೇರೆಯಾದ ತ್ಯಾಗವನ್ನು ಹೇಳುತ್ತದೆ: ಗಂಗ ದೊರೆ ಬೂತುಗನ ಅಕ್ಕ ಪಾಂಬಬ್ಬೆ ಅರಮನೆಯನ್ನು ಬಿಟ್ಟು, ಜೈನ ವಿಧಿಯಂತೆ ಕೇಶಲೋಚ ಮಾಡಿಕೊಂಡು, ಮೂವತ್ತು ವರ್ಷ ತಪಸ್ಸಿನಲ್ಲಿದ್ದು 971ರಲ್ಲಿ ದೇಹ ಬಿಟ್ಟಳು. ಗರುಡನ ಸಾವು ಒಡೆಯನಿಗೆ ತೀರಿಸಿದ ಋಣ, ಪಾಂಬಬ್ಬೆಯ ಸಾವು ತನ್ನ ಆತ್ಮದ ಬಿಡುಗಡೆಯ ದಾರಿ. ಎರಡನ್ನೂ ತ್ಯಾಗವೆಂಬ ಒಂದೇ ಮಾತಿನಲ್ಲಿ ಕರೆದುಬಿಟ್ಟರೆ ವಿಚಾರ ಅಲ್ಲೇ ಮಸುಕಾಗುತ್ತದೆ.

ಕಡೂರು ತಾಲ್ಲೂಕಿನ ದೇವನೂರು ಜೈಮಿನಿ ಭಾರತದ ಕವಿ ಲಕ್ಷ್ಮೀಶನ ಊರೆಂದು ಹೆಸರಾಗಿದೆ. ಅಲ್ಲಿಯ ಲಕ್ಷ್ಮೀರಮಣನನ್ನೇ ಇಷ್ಟದೈವವಾಗಿ ನೆನೆದು ಆತ ವಾರ್ಧಕ ಷಟ್ಪದಿಯಲ್ಲಿ ಹಾಡಿದ ಕಾವ್ಯವನ್ನು ಹಳ್ಳಿಹಳ್ಳಿಗಳ ಗಮಕಿಗಳು ತಲೆಮಾರುಗಳಿಂದ ಓದುತ್ತ ಬಂದಿದ್ದಾರೆ. ಪ್ರಾಣಾರ್ಪಣೆಯ ವಿಚಾರಕ್ಕೆ ಈ ಕಾವ್ಯದ ಎರಡು ಪ್ರಸಂಗಗಳು ಬಹಳ ಮುಖ್ಯ. ಯುದ್ಧಕ್ಕೆ ತಡವಾಗಿ ಬಂದ ಮಗ ಸುಧನ್ವನನ್ನು, ತಾನೇ ಹೊರಡಿಸಿದ ಆಜ್ಞೆಯಂತೆ, ಕುದಿಯುವ ಎಣ್ಣೆಯ ಕೊಪ್ಪರಿಗೆಗೆ ಹಾಕಬೇಕೆಂಬ ಸ್ಥಿತಿ ತಂದೆ ಹಂಸಧ್ವಜನಿಗೆ ಬರುತ್ತದೆ. ತಂದೆಯ ಮನಸ್ಸು ಹಿಂದೆಗೆದರೂ ಶಂಖ, ಲಿಖಿತ ಎಂಬ ಪುರೋಹಿತರು ಕೊಟ್ಟ ಮಾತು ನಡೆಯಲೇಬೇಕೆಂದು ಪಟ್ಟು ಹಿಡಿಯುತ್ತಾರೆ. ಸುಧನ್ವ ಹರಿಯನ್ನು ನೆನೆಯುತ್ತ ಎಣ್ಣೆಯಲ್ಲಿ ಕೂದಲೂ ಕೊಂಕದೆ ಉಳಿದಾಗ ಎಣ್ಣೆ ನಿಜಕ್ಕೂ ಕಾದಿದೆಯೇ ಎಂದು ಪರೀಕ್ಷಿಸಲು ಅವರು ತೆಂಗಿನಕಾಯಿಯನ್ನು ಹಾಕಿಸುತ್ತಾರೆ. ಕಾಯಿ ಸಿಡಿದು ಎರಡು ಹೋಳಾಗಿ ಆ ಇಬ್ಬರ ಹಣೆಗೇ ಬಡಿಯುತ್ತದೆ. ಕೊಪ್ಪರಿಗೆಯಲ್ಲಿ ಕುಳಿತವನ ಭಕ್ತಿಗೂ ದಡದಲ್ಲಿ ನಿಂತು ಅವನ ಸಾವನ್ನು ಕೇಳಿದವರ ಧರ್ಮನಿಷ್ಠೆಗೂ ನಡುವಿನ ಅಂತರವನ್ನು ಈ ಕಥೆ ತೀರ್ಪಿನ ಮಾತಿಲ್ಲದೆ ಒಂದು ಪೆಟ್ಟಿನಲ್ಲಿ ಹೇಳಿಬಿಡುತ್ತದೆ.

ಇನ್ನೊಂದು ಮಯೂರಧ್ವಜನ ಪ್ರಸಂಗ. ಸಿಂಹದ ಬಾಯಿಗೆ ಸಿಕ್ಕ ತನ್ನ ಮಗನನ್ನು ಬಿಡಿಸಿಕೊಳ್ಳಲು ರಾಜನ ಅರ್ಧದೇಹ ಬೇಕೆಂದು ಬ್ರಾಹ್ಮಣವೇಷದ ಕೃಷ್ಣ ಕೇಳುತ್ತಾನೆ, ರಾಜ ಒಪ್ಪುತ್ತಾನೆ, ಹೆಂಡತಿ ಮತ್ತು ಮಗ ಗರಗಸ ಹಿಡಿಯುತ್ತಾರೆ. ಸೀಳು ಮೂಗಿನವರೆಗೆ ಇಳಿದಾಗ ರಾಜನ ಎಡಗಣ್ಣಿನಿಂದ ನೀರು ಬರುತ್ತದೆ. ಅಳುತ್ತ ಕೊಟ್ಟ ದಾನ ತನಗೆ ಬೇಡವೆಂದು ಬ್ರಾಹ್ಮಣ ಹೊರಡುತ್ತಾನೆ. ಆಗ ರಾಜ, ಬಲಭಾಗ ಸಾರ್ಥಕವಾಯಿತು, ತನಗೆ ಆ ಭಾಗ್ಯವಿಲ್ಲವಲ್ಲ ಎಂದು ಎಡಭಾಗ ಅಳುತ್ತಿದೆ ಎನ್ನುತ್ತಾನೆ. ಒತ್ತಾಯದಿಂದ ಬಂದುದನ್ನು ದೈವವೂ ಸ್ವೀಕರಿಸದು ಎಂಬ ಸೂಕ್ಷ್ಮ ಇಲ್ಲಿದೆ. ಆದರೂ ಎರಡೂ ಪ್ರಸಂಗಗಳಲ್ಲಿ ದೈವ ಪರೀಕ್ಷಕನಾಗಿ ಹತ್ತಿರದಲ್ಲೇ ನಿಂತಿದೆ, ಸಮಯ ಬಂದಾಗ ಗರಗಸವನ್ನು ತಡೆಯುತ್ತದೆ, ಸೀಳಿದ ದೇಹವನ್ನು ಕೂಡಿಸುತ್ತದೆ. ಕ್ರೈಸ್ತ ರಕ್ತಸಾಕ್ಷಿಯ ಕಥೆ ಬೇರೆಯಾಗುವುದು ಈ ಬಿಂದುವಿನಲ್ಲಿ: ಅಲ್ಲಿ ಗರಗಸ ನಿಲ್ಲುವುದಿಲ್ಲ. ಅದರ ಮೂಲಮಾದರಿಯಾದ ಯೇಸುವಿನ ಮರಣದಲ್ಲಿಯೇ ಯಾರೂ ಶಿಲುಬೆಯಿಂದ ಇಳಿಸಲು ಬರಲಿಲ್ಲ. ಪುನರುತ್ಥಾನದ ನಂಬಿಕೆ ಆ ಸಾವಿನ ಆಚೆಗಿದೆಯೇ ಹೊರತು ಆ ಸಾವನ್ನು ತಪ್ಪಿಸುವುದಿಲ್ಲ. ಹೀಗೆ ಮರಣವು ಮರಣವಾಗಿಯೇ ಉಳಿಯುವುದರಿಂದ, ಅದನ್ನು ಯಾರು ಕೇಳಿದರು, ಯಾರು ಕೊಟ್ಟರು ಎಂಬ ಪ್ರಶ್ನೆ ಕ್ರೈಸ್ತರ ಪಾಲಿಗೆ ಇನ್ನಷ್ಟು ತೀವ್ರವಾಗುತ್ತದೆ.

ಸುವಾರ್ತೆಗಳು ಚಿತ್ರಿಸುವ ಯೇಸು ಸಾವನ್ನು ಬಯಸಿದವನಲ್ಲ. ಗೆತ್ಸೆಮನೆಯ ತೋಟದಲ್ಲಿ ಆ ಸಂಕಟ ತನ್ನಿಂದ ದೂರವಾಗಲೆಂದು ಆತ ಬೆವರು ಸುರಿಸಿ ಪ್ರಾರ್ಥಿಸುತ್ತಾನೆ. ಒಂದು ಊರಿನಲ್ಲಿ ಹಿಂಸಿಸಿದರೆ ಇನ್ನೊಂದು ಊರಿಗೆ ಓಡಿಹೋಗಿರೆಂದು ಶಿಷ್ಯರಿಗೆ ಹೇಳುತ್ತಾನೆ. ಎರಡನೆಯ ಶತಮಾನದ ಸ್ಮುರ್ನದಲ್ಲಿ ವೃದ್ಧ ಬಿಷಪ್ ಪಾಲಿಕಾರ್ಪರ ಮರಣವನ್ನು ವರ್ಣಿಸಿ ಅಲ್ಲಿನ ಸಭೆ ಬರೆದ ಪತ್ರ, ಧರ್ಮಗ್ರಂಥದ ಹೊರಗೆ ಉಳಿದಿರುವ ರಕ್ತಸಾಕ್ಷಿವೃತ್ತಾಂತಗಳಲ್ಲಿ ಬಹಳ ಹಳೆಯದು. ಅದರಲ್ಲಿ ಕ್ವಿಂಟಸ್ ಎಂಬವನ ಸುದ್ದಿಯೂ ಬರುತ್ತದೆ. ಅವನು ತಾನಾಗಿ ಅಧಿಕಾರಿಗಳ ಮುಂದೆ ಹೋಗಿ ನಿಂತು, ಇತರರನ್ನೂ ಹಾಗೆ ಮಾಡಲು ಹುರಿದುಂಬಿಸಿ, ಕಾಡುಮೃಗಗಳನ್ನು ಕಂಡೊಡನೆ ಎದೆಗುಂದಿ ಶ್ರದ್ಧೆಯನ್ನು ಬಿಟ್ಟುಕೊಟ್ಟ. ಪತ್ರ ಬರೆದವರು ಇದರಿಂದ ಪಡೆದ ಪಾಠ ನೇರವಾದುದು: ತಾನಾಗಿ ಸಾವನ್ನು ಹುಡುಕಿಕೊಂಡು ಹೋಗುವುದನ್ನು ಅವರು ಮೆಚ್ಚಲಿಲ್ಲ. ಪಾಲಿಕಾರ್ಪರೇ ಮೊದಲು ಹಳ್ಳಿಯ ತೋಟದ ಮನೆಗೆ ಸರಿದುಕೊಂಡಿದ್ದರು. ಕಾರ್ಥೇಜಿನ ಬಿಷಪ್ ಸಿಪ್ರಿಯನ್ 250ರ ಹಿಂಸೆಯಲ್ಲಿ ಅಡಗಿಕೊಂಡು ಅದಕ್ಕಾಗಿ ನಿಂದೆ ಕೇಳಿದರು. ಎಂಟು ವರ್ಷಗಳ ನಂತರ, 258ರಲ್ಲಿ, ತಪ್ಪಿಸಿಕೊಳ್ಳುವುದು ತನ್ನ ಜನರನ್ನು ಕೈಬಿಟ್ಟಂತಾಗುವ ಕಾಲದಲ್ಲಿ ತಲೆಯೊಡ್ಡಿದರು. ಓಡಿದ್ದೂ ನಿಂತದ್ದೂ ಒಂದೇ ಮನುಷ್ಯನ ಒಂದೇ ಕರ್ತವ್ಯಪ್ರಜ್ಞೆಯಿಂದ ಬಂದವು ಎಂಬುದನ್ನು ಗುರುತಿಸಿಯೇ ಧರ್ಮಸಭೆ ಅವರನ್ನು ಸಂತರೆಂದು ಕರೆಯಿತು. ನಾಲ್ಕನೆಯ ಶತಮಾನದ ಉತ್ತರ ಆಫ್ರಿಕದಲ್ಲಿ ಸಾವನ್ನೇ ಅರಸಿ ಅಲೆಯುತ್ತಿದ್ದ ಗುಂಪುಗಳನ್ನು ಆಗಸ್ಟೀನ್ ಕಟುವಾಗಿ ಖಂಡಿಸಿದ್ದೂ, ಕೊಲ್ಲಿಸಿಕೊಂಡ ಮಾತ್ರಕ್ಕೆ ಯಾರೂ ಸಾಕ್ಷಿಗಳಾಗುವುದಿಲ್ಲವೆಂಬ ನಿಯಮವನ್ನು ಎತ್ತಿಹಿಡಿದದ್ದೂ ಇದೇ ಎಚ್ಚರದ ಮುಂದುವರಿಕೆ.

ಕರಾವಳಿಯ ಕಥೋಲಿಕರ ಮೇಲೆ 1784ರಲ್ಲಿ ಬಂದ ವಿಪತ್ತನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರು ಮಂಗಳೂರಿನ ಕೋಟೆಯನ್ನು ಹಿಡಿದರು, ಟಿಪ್ಪು ಸುಲ್ತಾನ ದೀರ್ಘ ಮುತ್ತಿಗೆಯ ನಂತರ ಅದನ್ನು ಮರಳಿ ಪಡೆದ; ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿಯಲು ಆಜ್ಞೆ ಹೊರಟಿತು. ಫೆಬ್ರವರಿಯ ಕೊನೆಯ ವಾರದಲ್ಲಿ, ಉಪವಾಸದ ನಲವತ್ತು ದಿನಗಳ ತಪಸ್ಸುಕಾಲ ತೊಡಗುವ ವಿಭೂತಿ ಬುಧವಾರದ ಹೊತ್ತಿಗೆ, ಊರೂರುಗಳಿಂದ ಕುಟುಂಬಗಳನ್ನೇ ಎಬ್ಬಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಗೋವೆಯಿಂದ ಬಂದಿದ್ದ ಪಾದ್ರಿಗಳನ್ನು ಗಡಿಪಾರು ಮಾಡಲಾಗಿತ್ತು, ಚರ್ಚುಗಳನ್ನು ಕೆಡವಲಾಯಿತು, ಆಸ್ತಿಪಾಸ್ತಿ ಮುಟ್ಟುಗೋಲಾಯಿತು. ಸೆರೆಯಾದವರ ಸಂಖ್ಯೆಯನ್ನು ಬೇರೆ ಬೇರೆ ಮೂಲಗಳು ಸುಮಾರು 30,000ದಿಂದ 80,000ದವರೆಗೆ ಬೇರೆ ಬೇರೆಯಾಗಿ ಹೇಳುತ್ತವೆ. ದಾರಿಯಲ್ಲಿ ಹಸಿವು, ಜ್ವರ, ಆಯಾಸಗಳಿಂದ ಬಹಳ ಜನ ಸತ್ತರು. ತಲುಪಿದವರಲ್ಲಿ ಅನೇಕ ಯುವಕರನ್ನು ಸುನ್ನತಿ ಮಾಡಿಸಿ, ಹೆಸರು ಬದಲಿಸಿ, ಚೇಲಾ ಎಂಬ ಗುಲಾಮ ಸೈನಿಕರ ಪಡೆಗಳಿಗೆ ಸೇರಿಸಲಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದವರು ಕರಾವಳಿಗೆ ಮರಳಿದರು. ಸೆರೆಯಿಂದ ಬದುಕಿ ಬಂದ ಬಾರ್ಕೂರಿನ ಒಬ್ಬನದೆನ್ನಲಾಗುವ ಕನ್ನಡ ಹಸ್ತಪ್ರತಿಯೊಂದು ಈ ಅನುಭವದ ಒಳಗಿನ ದಾಖಲೆಯಾಗಿ ಇತಿಹಾಸಕಾರರ ಗಮನಕ್ಕೆ ಬಂದಿದೆ.

ಹೀಗೆ ಸತ್ತವರು ರಕ್ತಸಾಕ್ಷಿಗಳೇ? ಧರ್ಮಸಭೆಯ ಶಾಸ್ತ್ರದಲ್ಲಿ ಈ ಬಿರುದಿಗೆ ಎರಡು ಲಕ್ಷಣಗಳು ಬೇಕು: ಕೊಂದವನಲ್ಲಿ ಶ್ರದ್ಧೆಯ ಮೇಲಿನ ದ್ವೇಷವಿರಬೇಕು, ಸತ್ತವನಲ್ಲಿ ಶ್ರದ್ಧೆಗಾಗಿ ಸಾವನ್ನು ಒಪ್ಪಿಕೊಂಡ ಮನಸ್ಸಿರಬೇಕು. ಶ್ರೀರಂಗಪಟ್ಟಣದ ಪ್ರಕರಣದಲ್ಲಿ ಎರಡೂ ಸುಲಭವಾಗಿ ಕೈಗೆ ಸಿಗುವುದಿಲ್ಲ. ಟಿಪ್ಪುವಿನ ಆಜ್ಞೆಯ ಹಿಂದೆ ಯುದ್ಧಕಾಲದ ರಾಜ್ಯದ್ರೋಹದ ಶಂಕೆ ಎಷ್ಟು, ಧರ್ಮದ ಆವೇಶ ಎಷ್ಟು ಎಂಬ ಬಗ್ಗೆ ವಿದ್ವಾಂಸರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಬಲವಂತದ ಮತಾಂತರ ಮಾಡಿಸಿದ ಅದೇ ದೊರೆ, 1791ರಲ್ಲಿ ಮರಾಠಾ ದಂಡು ಶೃಂಗೇರಿ ಮಠವನ್ನು ಸೂರೆ ಮಾಡಿದಾಗ ಜಗದ್ಗುರುಗಳಿಗೆ ಭಕ್ತಿಯ ಪತ್ರ ಬರೆದು ನೆರವು ಕಳಿಸಿದ. ಒಂದು ಸಂಗತಿಯಿಂದ ಇನ್ನೊಂದು ಅಳಿಸಿಹೋಗುವುದಿಲ್ಲ: ಶೃಂಗೇರಿಯ ಪತ್ರಗಳು ಸೆರೆಯಾಳುಗಳ ಸಂಕಟವನ್ನು ಕಡಿಮೆ ಮಾಡವು, ಸೆರೆಯಾಳುಗಳ ಸಂಕಟ ಆ ಪತ್ರಗಳನ್ನು ಸುಳ್ಳಾಗಿಸದು. ಸತ್ತವರ ಮನಸ್ಸಿನ ಮಾತಂತೂ ಇನ್ನೂ ಕಠಿಣ. ಜ್ವರದಲ್ಲಿ ದಾರಿಬದಿಯಲ್ಲಿ ಸತ್ತ ಕೂಸಿಗೆ, ಬಸುರಿಗೆ, ಮುದುಕನಿಗೆ ಬಿಡುವೆನೋ ಹಿಡಿಯುವೆನೋ ಎಂದು ಹೇಳುವ ಅವಕಾಶವೇ ಬರಲಿಲ್ಲ. ಧರ್ಮಸಭೆ ಅವರಲ್ಲಿ ಯಾರನ್ನೂ ಸಂತರ ಸಾಲಿಗೆ ಸೇರಿಸಿಲ್ಲ. ಇದನ್ನು ಉಪೇಕ್ಷೆಯೆಂದು ನೋಯುವವರ ನೋವು ನ್ಯಾಯವಾದದ್ದೇ. ಆದರೆ ಬಿರುದಿನ ವಿಷಯದಲ್ಲಿ ತೋರಿದ ಈ ಸಂಯಮದಿಂದ ಒಂದು ಉಪಕಾರವೂ ಆಗಿದೆ, ಅವರ ಸಾವನ್ನು ಅವರಿಗೇ ಬಿಟ್ಟು, ಯಾವ ವಾದಕ್ಕೂ ಆಧಾರವಾಗಿ ಬಳಸದೆ, ಮೊದಲು ದುಃಖವಾಗಿ ನೋಡಲು ಸಾಧ್ಯವಾಗಿದೆ.

ಸತ್ತವರಿಗಿಂತ ಬದುಕಿ ಬಂದವರ ವಿಷಯದಲ್ಲಿ ಆ ಕಾಲದ ಕ್ರೈಸ್ತ ಸಮಾಜ ಹೇಗೆ ನಡೆದುಕೊಂಡಿತು ಎಂಬುದೇ ನಿಜವಾದ ಪರೀಕ್ಷೆ. ಸುನ್ನತಿಯಾದವರು, ಬೇರೆ ಹೆಸರಿನಲ್ಲಿ ಹದಿನೈದು ವರ್ಷ ಬದುಕಿದವರು, ಬೇರೆ ಪ್ರಾರ್ಥನೆ ಹೇಳಿದವರು ಮರಳಿ ಬಂದಾಗ ಸತ್ತವರ ಎದುರಿಗೆ ಅವರನ್ನು ನಿಲ್ಲಿಸಿ, ನೀವೇಕೆ ಸಾಯಲಿಲ್ಲವೆಂದು ಕೇಳುವುದು ಸುಲಭವಾಗಿತ್ತು. ಸಿಪ್ರಿಯನ್‌ನ ಕಾರ್ಥೇಜಿನಲ್ಲಿ ಈ ಪ್ರಶ್ನೆ ಸಭೆಯನ್ನೇ ಸೀಳಿತ್ತು. ಹಿಂಸೆಗೆ ಅಂಜಿ ರೋಮನ್ ದೇವತೆಗಳಿಗೆ ಧೂಪ ಹಾಕಿದವರಿಗೆ ಮತ್ತೆ ಪ್ರವೇಶವೇ ಇಲ್ಲವೆಂದು ಒಂದು ಪಕ್ಷ, ಕೇಳಿದೊಡನೆ ಸೇರಿಸಿಕೊಳ್ಳಬೇಕೆಂದು ಇನ್ನೊಂದು ಪಕ್ಷ ಹಟ ಹಿಡಿದಾಗ, ಪ್ರಾಯಶ್ಚಿತ್ತದ ದಾರಿಯಿಂದ ಎಲ್ಲರೂ ಹಿಂದಿರುಗಬಹುದೆಂಬ ನಡುವಣ ನಿರ್ಣಯ ನಿಂತಿತು. ಶ್ರೀರಂಗಪಟ್ಟಣದಲ್ಲಿ ಈ ಕೆಲಸ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬೋವಾ ಅವರ ಪಾಲಿಗೆ ಬಂತು. ಹಿಂದೂಗಳ ಆಚಾರ ವ್ಯವಹಾರಗಳ ಬಗ್ಗೆ ಬರೆದ ಗ್ರಂಥದಿಂದ ಪ್ರಸಿದ್ಧರಾದ ಇವರನ್ನು 1799ರ ನಂತರ ಅಲ್ಲಿಗೆ ಕರೆಸಿಕೊಂಡದ್ದೇ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸುವುದಕ್ಕಾಗಿ. ಬಲವಂತಕ್ಕೆ ಒಳಗಾದ ನೂರಾರು ಕುಟುಂಬಗಳನ್ನು ಅವರು ಮರಳಿ ಸೇರಿಸಿಕೊಂಡರು. ಪ್ರಾಣ ಕೊಟ್ಟವರನ್ನು ಹೊಗಳುವ ಧರ್ಮ, ಪ್ರಾಣ ಕೊಡಲಾಗದವರನ್ನು ಹೊರಗಿಡಲಿಲ್ಲ. ಅಂದು ಬಾಗಿಲು ಮುಚ್ಚಿದ್ದರೆ ಇಂದಿನ ದಕ್ಷಿಣ ಕನ್ನಡ, ಉಡುಪಿಗಳ ಕಥೋಲಿಕ ಸಮುದಾಯವೇ ಇರುತ್ತಿರಲಿಲ್ಲ. ಆ ಸಮುದಾಯ ಸಾಯಲೊಲ್ಲದವರ, ಬಾಗಿ ಬದುಕಿದವರ ಸಂತಾನವೂ ಹೌದೆಂಬುದನ್ನು ಅದರ ಇತಿಹಾಸ ಬರೆಯುವವರು ತಲೆಯೆತ್ತಿಯೇ ಹೇಳಬಹುದು.

ಈ ವಾದಕ್ಕೆ ಎದುರಾಗಿ ಗಟ್ಟಿಯಾದ ಒಂದು ಆಕ್ಷೇಪವಿದೆ. ಧರ್ಮಕ್ಕಾಗಿ ಸಾಯಲು ಸಿದ್ಧನಾದವನು ಧರ್ಮಕ್ಕಾಗಿ ಕೊಲ್ಲಲೂ ಸಿದ್ಧನಾಗುತ್ತಾನೆ, ಪ್ರಾಣಾರ್ಪಣೆಯ ಮಹಿಮೆ ಅಧಿಕಾರದ ಮುಸುಕು ಮಾತ್ರ ಎಂಬುದು ಆ ಆಕ್ಷೇಪ. ಇದನ್ನು ತಳ್ಳಿಹಾಕಲು ಬರುವುದಿಲ್ಲ, ಏಕೆಂದರೆ ಕನ್ನಡದ ನೆರೆಯಲ್ಲೇ, ಗೋವೆಯ ಕುಂಕಳ್ಳಿಯಲ್ಲಿ, ಅದಕ್ಕೆ ಆಧಾರವಿದೆ. 1583ರ ಜುಲೈಯಲ್ಲಿ ರೊಡಾಲ್ಫೊ ಅಕ್ವಾವಿವಾ ಸೇರಿದಂತೆ ಐವರು ಯೇಸುಸಭೆಯವರು, ಅಂದರೆ ಜೆಸ್ವಿಟರು, ಚರ್ಚಿಗೆ ಸ್ಥಳ ನೋಡಲು ಆ ಊರಿಗೆ ಹೋದಾಗ ಗ್ರಾಮಸ್ಥರು ಅವರನ್ನು ಕೊಂದರು. 1893ರಲ್ಲಿ ಧರ್ಮಸಭೆ ಆ ಐವರನ್ನು ಪುನೀತರೆಂದು, ಅಂದರೆ ಸಂತಪದವಿಯ ಹಿಂದಿನ ಮೆಟ್ಟಿಲಿನವರೆಂದು, ಸಾರಿತು. ಆದರೆ ಅದಕ್ಕೆ ಮೊದಲು ಪೋರ್ಚುಗೀಸ್ ಆಳ್ವಿಕೆ ಆ ಸೀಮೆಯ ದೇವಾಲಯಗಳನ್ನು ಕೆಡವಿತ್ತು, ಅಂಥ ದಂಡಯಾತ್ರೆಗಳ ಜೊತೆಗೆ ಯೇಸುಸಭೆಯವರೂ ಹೋಗಿದ್ದರು. ಕೊಲೆಯ ನಂತರ ಊರಿನ ಮುಖಂಡರನ್ನು ಮಾತುಕತೆಗೆಂದು ಅಸ್ಸೋಳ್ಣೆಯ ಕೋಟೆಗೆ ಕರೆಸಿ ಕೊಲ್ಲಲಾಯಿತು. ಅಕ್ವಾವಿವಾ ಕೊನೆಯ ಗಳಿಗೆಯಲ್ಲಿ ಎದುರು ನಿಲ್ಲದೆ ಕತ್ತನ್ನು ಒಡ್ಡಿದರೆಂಬ ವೃತ್ತಾಂತವನ್ನು ಪೂರ್ತಿ ನಂಬಬಹುದು. ಆದರೂ ಬೆನ್ನ ಹಿಂದೆ ಫಿರಂಗಿ ಇಟ್ಟುಕೊಂಡವನ ಅರ್ಪಣೆಯನ್ನು, ಕೈಯಲ್ಲಿ ಏನೂ ಇಲ್ಲದೆ ಘಟ್ಟ ಹತ್ತಿದವರ ಸಂಕಟದ ಜೊತೆ ಒಂದೇ ತೂಕಕ್ಕೆ ಹಾಕಲಾಗದು. ಅಸ್ಸೋಳ್ಣೆಯಲ್ಲಿ ಸತ್ತವರೂ ತಮ್ಮ ದೇವರಿಗಾಗಿ ಸತ್ತವರೇ ಎಂದು ಒಪ್ಪಿಕೊಳ್ಳುವ ಧೈರ್ಯ ಇಲ್ಲದಿದ್ದರೆ ರಕ್ತಸಾಕ್ಷಿಗಳ ಸ್ಮರಣೆ ಒಂದು ಪಕ್ಷದ ಲೆಕ್ಕಪತ್ರವಾಗಿಬಿಡುತ್ತದೆ. ಅಧಿಕಾರವಿಲ್ಲದ ಕಡೆಗಳಲ್ಲಿ ಚಿತ್ರ ಬೇರೆಯೇ ಆಗಿದೆ: ತಿರುವಾಂಕೂರಿನ ನೀಲಕಂಠ ಪಿಳ್ಳೈ 1745ರಲ್ಲಿ ದೀಕ್ಷಾಸ್ನಾನ ಪಡೆದು ದೇವಸಹಾಯಂ ಎಂಬ ಹೆಸರು ತಾಳಿ, ಸೆರೆ, ಹೊಡೆತಗಳನ್ನು ವರ್ಷಗಟ್ಟಲೆ ತಾಳಿಕೊಂಡು 1752ರ ಜನವರಿ 14ರಂದು ಕಾಟ್ಟಾಡಿಮಲೆಯಲ್ಲಿ ಗುಂಡಿಗೆ ಬಲಿಯಾದರು, ಅವರ ಹಿಂದೆ ಯಾವ ಸೇನೆಯೂ ಇರಲಿಲ್ಲ, ಅವರ ನಂತರ ಯಾವ ಸೇಡೂ ನಡೆಯಲಿಲ್ಲ. 2022ರ ಮೇ 15ರಂದು ಅವರು ಸಂತರೆಂದು ಘೋಷಿತರಾದರು.

ಕೊಲೆಯಾದವರ ಕಥೆಗಳು ಕಣ್ಣಿಗೆ ಬೀಳುವಷ್ಟು ಸವೆದುಹೋದವರ ಕಥೆಗಳು ಬೀಳುವುದಿಲ್ಲ. ಮೂರನೆಯ ಶತಮಾನದ ಮಹಾಮಾರಿಯಲ್ಲಿ ಅಲೆಕ್ಸಾಂಡ್ರಿಯದ ಕ್ರೈಸ್ತರು ರೋಗಿಗಳನ್ನು ಶುಶ್ರೂಷೆ ಮಾಡಿ ತಾವೂ ಸತ್ತಾಗ, ಇಂಥ ಮರಣ ರಕ್ತಸಾಕ್ಷಿಯ ಮರಣಕ್ಕೆ ಯಾವುದರಲ್ಲೂ ಕಡಿಮೆಯಲ್ಲವೆಂದು ಅಲ್ಲಿಯ ಬಿಷಪ್ ದಿಯೊನಿಸಿಯಸ್ ಬರೆದರು. ಕನ್ನಡ ನಾಡಿನಲ್ಲಿ ಈ ಎಳೆ ಬಹಳ ಉದ್ದವಾಗಿ ಸಾಗಿದೆ. ಮೇಲೆ ಹೇಳಿದ ದ್ಯುಬೋವಾ ಅವರೇ ಮೈಸೂರು ಸೀಮೆಯಲ್ಲಿ ದೇವಿ, ಅಂದರೆ ಸಿಡುಬು, ತಗಲದಂತೆ ಚುಚ್ಚುಮದ್ದು ಹಾಕಿಸುವ ಕೆಲಸಕ್ಕಿಳಿದು 1803-04ರ ಅವಧಿಯಲ್ಲಿ 25,000ಕ್ಕೂ ಹೆಚ್ಚು ಜನರಿಗೆ ಅದನ್ನು ಮುಟ್ಟಿಸಿದರು. ಹಾಸನದ ಬಳಿ ಸಾತಹಳ್ಳಿಯಲ್ಲಿ ಬೇಸಾಯದ ನೆಲೆಯೊಂದನ್ನು ಕಟ್ಟಿದರು. ಮೂವತ್ತೊಂದು ವರ್ಷದ ಸೇವೆಯ ಕೊನೆಗೆ, 1823ರಲ್ಲಿ, ಮತಪ್ರಸಾರದ ಯಶಸ್ಸಿನ ಬಗ್ಗೆ ಪೂರ್ತಿ ನಿರಾಶರಾಗಿಯೇ ಅವರು ಹಡಗು ಹತ್ತಿದರು ಎಂಬುದು ಗಮನಾರ್ಹ. ಫಲ ಕಾಣದೆ ಕೊಟ್ಟ ಆಯುಷ್ಯವೂ ಅರ್ಪಣೆಯೇ. 1878ರಲ್ಲಿ ಮಂಗಳೂರಿಗೆ ಬಂದ ಜರ್ಮನ್ ಪಾದ್ರಿ ಆಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಹೋಮಿಯೋಪಥಿಯ ಗುಳಿಗೆ ಹಂಚುವುದರಿಂದ ಆರಂಭಿಸಿ, 1890ರ ಹೊತ್ತಿಗೆ ಯಾರೂ ಮನೆಯ ಜಗಲಿಗೂ ಸೇರಿಸದ ಕುಷ್ಠರೋಗಿಗಳಿಗೆ ಆಶ್ರಯಧಾಮ ಕಟ್ಟಿ, 1910ರಲ್ಲಿ ಅಲ್ಲೇ ತೀರಿಕೊಂಡರು. ಅದಕ್ಕೆ ಸ್ವಲ್ಪ ಮೊದಲು ಹವಾಯಿಯ ಮೊಲೊಕಾಯಿ ದ್ವೀಪದಲ್ಲಿ ಕುಷ್ಠರೋಗಿಗಳ ನಡುವೆ ಹದಿನಾರು ವರ್ಷ ಬದುಕಿ ಅದೇ ರೋಗದಿಂದ 1889ರಲ್ಲಿ ಸತ್ತ ಡೇಮಿಯನ್ ಪಾದ್ರಿಯ ಹೆಸರು ಲೋಕಕ್ಕೆಲ್ಲ ಗೊತ್ತು. ರೋಗ ತಗಲಲಿಲ್ಲವೆಂಬ ಒಂದೇ ಕಾರಣಕ್ಕೆ ಮುಲ್ಲರ್ ಅವರ ಅರ್ಪಣೆಯ ತೂಕ ಇಳಿಯುವುದಿಲ್ಲ.

ಪ್ರೊಟೆಸ್ಟೆಂಟ್ ಪಂಗಡದ ಬಾಸೆಲ್ ಮಿಷನ್ 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರನ್ನು ಮಂಗಳೂರಿಗೆ ಕಳಿಸಿತು. ಈ ಮಿಷನ್ನಿನವರಿಗೆ ಕತ್ತಿಯ ಭಯವಿರಲಿಲ್ಲ. ಜ್ವರ, ಆಮಶಂಕೆ, ಕಾಲರಾಗಳ ಭಯವಿತ್ತು, ಅವರ ಸ್ಮಶಾನಗಳಲ್ಲಿ ಹರೆಯದಲ್ಲೇ ಹೋದವರ ಕಲ್ಲುಗಳು ಕಡಿಮೆಯೇನಲ್ಲ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು ಹೊರತಂದ ಹರ್ಮನ್ ಮೋಗ್ಲಿಂಗ್ ಅವರ ಆಪ್ತ ಜೊತೆಗಾರ ಗಾಟ್‌ಫ್ರೀಡ್ ವೈಗ್ಲೆ, ಕನ್ನಡ ಬೈಬಲಿನ ಪರಿಷ್ಕರಣೆಯಲ್ಲಿ ತೊಡಗಿದ್ದವರು, ನಲವತ್ತು ದಾಟುವ ಮೊದಲೇ 1855ರಲ್ಲಿ ಮಂಗಳೂರಿನಲ್ಲಿ ಸತ್ತರು. ಇವರ ತ್ಯಾಗವನ್ನು ಕನ್ನಡಿಗರು ಕೃತಜ್ಞತೆಯಿಂದ ನೆನೆಯುವುದು ಯೋಗ್ಯವೇ. ಆದರೆ ತನ್ನದನ್ನು ಮಾತ್ರ ಕೊಡಬೇಕೆಂಬ ಅಳತೆಗೋಲನ್ನು ಇವರಿಗೂ ಹಿಡಿಯಬೇಕಾಗುತ್ತದೆ. ಮಿಷನರಿಗಳ ಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ತಂದೆತಾಯಿಯರಿಂದ ಬೇರ್ಪಡಿಸಿ ಯುರೋಪಿಗೆ ಕಳಿಸುವ ಪದ್ಧತಿಯಿತ್ತು. ಮಲಯಾಳಂ ನಿಘಂಟುಕಾರ ಗುಂಡರ್ಟ್ ಅವರ ಮಗಳು, 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ ಮರೀ, ಬಾಲ್ಯವನ್ನು ಹೆತ್ತವರಿಲ್ಲದೆ ಕಳೆದವಳು. ಆ ಮಗು ಯಾವ ಪ್ರತಿಜ್ಞೆಯನ್ನೂ ಮಾಡಿರಲಿಲ್ಲ. 1844ರಲ್ಲಿ ಮಂಗಳೂರಿನ ಸಾರಸ್ವತ ಯುವಕ ಆನಂದರಾವ್ ಕೌಂಡಿಣ್ಯ ಕ್ರೈಸ್ತನಾದಾಗ ಊರೇ ಕಲಕಿತು; ಮುಂದೆ ಅವರು ಬಾಸೆಲಿನಲ್ಲಿ ಓದಿ ಬಂದು ಜೀವನವಿಡೀ ಮಿಷನ್ನಿನ ಕೆಲಸದಲ್ಲಿದ್ದು 1893ರಲ್ಲಿ ತೀರಿಕೊಂಡರು. ಜಾತಿ, ಮನೆ, ನೆಂಟರನ್ನೆಲ್ಲ ಕಳೆದುಕೊಳ್ಳುವುದು ಆ ಕಾಲದ ಸಮಾಜದಲ್ಲಿ ಬದುಕಿದ್ದಾಗಲೇ ಸತ್ತಂತೆ. ಅದಕ್ಕೆ ಎದೆಯೊಡ್ಡಿದವರ ಧೈರ್ಯವನ್ನು ಒಪ್ಪಿಕೊಳ್ಳುವಾಗಲೇ, ಮಗನನ್ನು ಕಳೆದುಕೊಂಡ ಮನೆಗಳ ದುಃಖವನ್ನು ಕುರುಡು ನಂಬಿಕೆಯೆಂದು ಬದಿಗೆ ಸರಿಸಿದ ಮಿಷನ್ ವರದಿಗಳ ಧೋರಣೆ ನ್ಯಾಯವಾದದ್ದಲ್ಲವೆಂದೂ ಹೇಳಬೇಕು.

ಇವೇ ಕೈಗಳು ದೇವನೂರಿನ ಕಾವ್ಯವನ್ನೂ ಮುಟ್ಟಿದವು. ಕಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ಹಣದ ನೆರವಿನಿಂದ ಮೋಗ್ಲಿಂಗ್ 1840ರ ದಶಕದ ಕೊನೆಯಲ್ಲಿ ಕಲ್ಲಚ್ಚಿನಲ್ಲಿ ಹೊರತಂದ ಬಿಬ್ಲಿಯೊಥಿಕಾ ಕರ್ನಾಟಿಕಾ ಮಾಲೆಯಲ್ಲಿ ಬಸವಪುರಾಣ, ದಾಸರ ಪದಗಳ ಜೊತೆಗೆ ಜೈಮಿನಿ ಭಾರತವೂ ಇತ್ತು. ಬೆಂಗಳೂರಿನ ವೆಸ್ಲಿಯನ್ ಮಿಷನರಿ ಡೇನಿಯಲ್ ಸ್ಯಾಂಡರ್ಸನ್ 1852ರಲ್ಲಿ ಅದರ ಭಾಗವನ್ನು ಇಂಗ್ಲಿಷ್ ಅನುವಾದ, ಟಿಪ್ಪಣಿಗಳೊಡನೆ ಅಚ್ಚು ಹಾಕಿಸಿದರು. ನಿಘಂಟುಕಾರ ಕಿಟ್ಟೆಲ್ ಯೇಸುವಿನ ಚರಿತ್ರೆಯನ್ನು ಕಥಾಮಾಲೆ ಎಂಬ ಹೆಸರಿನಲ್ಲಿ ಕನ್ನಡ ಪದ್ಯಗಳಾಗಿ ರಚಿಸಿ 1862ರಲ್ಲಿ ಪ್ರಕಟಿಸಿದ್ದಲ್ಲದೆ, 1872ರಲ್ಲಿ ಯಜ್ಞವನ್ನೇ ವಿಷಯವಾಗಿಟ್ಟುಕೊಂಡು ಯಜ್ಞಸುಧಾನಿಧಿ ಎಂಬ ಪುಸ್ತಕವನ್ನೂ ಹೊರತಂದರು. ಮತಪ್ರಸಾರಕ್ಕೆಂದು ಬದುಕನ್ನು ಮುಡಿಪಿಟ್ಟವರು ಸುಧನ್ವ, ಮಯೂರಧ್ವಜರ ಕಥೆಗಳನ್ನು ಅಕ್ಷರ ಅಕ್ಷರವಾಗಿ ತಿದ್ದುತ್ತ ಕುಳಿತಾಗ ಅವರ ಮನಸ್ಸಿನಲ್ಲಿ ಏನು ನಡೆದಿರಬಹುದೆಂಬುದು ಊಹೆಗೆ ಬಿಟ್ಟದ್ದು. ಆದರೆ ಕೊಡುವ ಮಾತು ಈ ನಾಡಿಗೆ ತಾವು ತಂದ ಹೊಸ ಸುದ್ದಿಯಲ್ಲವೆಂಬುದು ಅವರಿಗೆ ಗೊತ್ತಾಗದೆ ಇದ್ದೀತೆಂದು ನಂಬುವುದು ಕಷ್ಟ.

ಸವೆದು ಸತ್ತವರನ್ನು ಗುರುತಿಸುವ ದಾರಿಯನ್ನು ಕಥೋಲಿಕ ಧರ್ಮಸಭೆ ತೀರ ಇತ್ತೀಚೆಗೆ ಕ್ರಮಬದ್ಧಗೊಳಿಸಿದೆ. ಆಶ್ವಿಟ್ಜ್ ಶಿಬಿರದಲ್ಲಿ 1941ರ ಆಗಸ್ಟ್ 14ರಂದು, ಹೆಂಡತಿ ಮಕ್ಕಳಿದ್ದ ಇನ್ನೊಬ್ಬ ಕೈದಿಯ ಬದಲಿಗೆ ತಾನಾಗಿ ಸಾವಿನ ಸಾಲಿಗೆ ಸೇರಿದ್ದ ಮ್ಯಾಕ್ಸಿಮಿಲಿಯನ್ ಕೋಲ್ಬೆ ಎಂಬ ಪಾದ್ರಿ ತೀರಿಕೊಂಡಾಗ, ಅದು ಶ್ರದ್ಧೆಯ ದ್ವೇಷದಿಂದಾದ ಸಾವೇ, ಅಲ್ಲವೇ ಎಂಬ ಚರ್ಚೆ ದಶಕಗಳ ಕಾಲ ನಡೆಯಿತು. 1971ರಲ್ಲಿ ಪುನೀತರೆಂದು ಸಾರುವಾಗ ರಕ್ತಸಾಕ್ಷಿ ಎನ್ನದೆ, 1982ರಲ್ಲಿ ಸಂತರೆಂದು ಸಾರುವಾಗ ಹಾಗೆಂದು ಕರೆಯಲಾಯಿತು. ಇಂಥ ತೊಡಕು ಬಾರದಿರಲೆಂದು ಪೋಪ್ ಫ್ರಾನ್ಸಿಸ್ 2017ರ ಜುಲೈ 11ರ ಆದೇಶದಲ್ಲಿ ಪ್ರಾಣಾರ್ಪಣೆಯನ್ನೇ ಪ್ರತ್ಯೇಕ ವರ್ಗವಾಗಿ ಸೇರಿಸಿದರು: ಪರರ ಮೇಲಿನ ಪ್ರೀತಿಗಾಗಿ, ಸಾವು ಖಚಿತ ಮತ್ತು ಸಮೀಪವೆಂದು ತಿಳಿದೂ, ಸ್ವಂತ ಇಚ್ಛೆಯಿಂದ ಪ್ರಾಣ ಒಪ್ಪಿಸಿರಬೇಕು. ಸ್ವಂತ ಇಚ್ಛೆ ಎಂಬ ಮಾತನ್ನು ಆದೇಶ ಮೊದಲ ಷರತ್ತಾಗಿಯೇ ಇಟ್ಟಿದೆ.

ಈ ವರ್ಗಕ್ಕೆ ಸೇರಬಹುದಾದ ಕನ್ನಡ ನಾಡಿನ ಎಷ್ಟೋ ಜನರ ಹೆಸರು ಇಂದು ಯಾರಿಗೂ ಗೊತ್ತಿಲ್ಲ. ಪ್ಲೇಗಿನ ವರ್ಷಗಳಲ್ಲಿ ಶವ ಹೊತ್ತವರು, ಬರಗಾಲದ ಗಂಜಿಕೇಂದ್ರಗಳಲ್ಲಿ ದುಡಿದವರು, ಕುಷ್ಠಧಾಮಗಳಲ್ಲಿ ಗಾಯ ಕಟ್ಟಿದ ಸನ್ಯಾಸಿನಿಯರು, ಅವರ ಜೊತೆ ದುಡಿದ ಅಡಿಗೆಯವರು, ನೀರು ಹೊತ್ತವರು, ಇವರಲ್ಲಿ ಯಾರು ಎಲ್ಲಿ ಹೇಗೆ ಸತ್ತರೆಂಬುದು ಚರ್ಚುಗಳ ಮರಣದ ದಾಖಲೆ ಪುಸ್ತಕಗಳಲ್ಲಿ, ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲಿನ ಕಡತಗಳಲ್ಲಿ ಚೂರುಚೂರಾಗಿ ಸಿಗಬಹುದು. ಹಳೆಯ ಪುಟಗಳು ಪೋರ್ಚುಗೀಸ್, ಲ್ಯಾಟಿನ್, ಫ್ರೆಂಚ್, ಜರ್ಮನ್ ಭಾಷೆಗಳಲ್ಲಿವೆ. ಅವನ್ನು ಓದಿ ಕನ್ನಡಕ್ಕೆ ತರಬಲ್ಲವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ, ಹುಳು ತಿನ್ನುವ ಕಾಗದ ಯಾರಿಗಾಗಿಯೂ ಕಾಯುವುದಿಲ್ಲ. ಶ್ರೀರಂಗಪಟ್ಟಣದ ದಾರಿಯಲ್ಲಿ ಸತ್ತವರ ವಿಷಯದಲ್ಲಿಯೂ ಮೊದಲು ಆಗಬೇಕಾದದ್ದು ಇದೇ ಕೆಲಸ: ಇಂದಿನ ಮುಸಲ್ಮಾನ ನೆರೆಯವರನ್ನು ನಿಂದಿಸಲು ಅವರ ಸಂಖ್ಯೆಯನ್ನು ಹಿಗ್ಗಿಸುವುದೂ ಅಲ್ಲ, ಒಬ್ಬ ದೊರೆಯ ಕೀರ್ತಿ ಉಳಿಸಲು ಅದನ್ನು ಕುಗ್ಗಿಸುವುದೂ ಅಲ್ಲ, ಮನೆತನಗಳ ನೆನಪು, ಬಾರ್ಕೂರಿನ ಹಸ್ತಪ್ರತಿ, ಮೈಸೂರಿನ ಮತ್ತು ಗೋವೆಯ ದಫ್ತರಗಳು ಇವನ್ನೆಲ್ಲ ಒಟ್ಟಿಗೆ ಇಟ್ಟು ಸಿಕ್ಕಷ್ಟು ಹೆಸರುಗಳನ್ನು, ಬಾಗಿ ಬದುಕಿದವರ ಹೆಸರುಗಳನ್ನೂ ಸೇರಿಸಿ, ಬರೆದಿಡುವುದು.